ಹೃದಯದ ರಂಧ್ರಕ್ಕೆ ತಂತಿಯ ಗುಂಡಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೊದಲಿಗೇ ಒಂದು ತಿದ್ದುಪಡಿ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ ‘ಡಾ.’ ಎಂದು ಅಚ್ಚಾಗಿದೆ. ನಾನು ಡಾಕ್ಟರಲ್ಲ. 1993ರಲ್ಲಿ ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಹೋದವನು, ಈಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್. ಕ್ಯಾಥ್‌ಲ್ಯಾಬ್ ಅಂದರೆ ಎದೆ ಕೊಯ್ಯದೆ, ತೊಡೆಸಂದಿಯ ರಕ್ತನಾಳದೊಳಗಿಂದ ಸಣ್ಣ ಕೊಳವೆಯನ್ನು ಹೃದಯದವರೆಗೆ ಕಳಿಸಿ, ಎಕ್ಸ್-ರೇ ಪರದೆ ನೋಡುತ್ತ ಚಿಕಿತ್ಸೆ ಮಾಡುವ ಕೋಣೆ. ಕೊಳವೆ ನಡೆಸುವವರು ಡಾಕ್ಟರು. ನಾನು ಯಂತ್ರದ ಮುಂದೆ ಕುಳಿತು, ಹೃದಯದ ಒಳಗಿನ ಒತ್ತಡ ಎಷ್ಟೆಂದು ಅಂಕಿ ಓದಿ ಹೇಳುತ್ತೇನೆ; ಬೇಕಾದ ಸಾಮಾನು ಸಿದ್ಧಮಾಡಿ ಕೊಡುತ್ತೇನೆ. ಇಪ್ಪತ್ತನಾಲ್ಕು ವರ್ಷದಿಂದ ಇದೇ ಕೆಲಸ.

ನನ್ನ ಕೈಯಲ್ಲಿರುವ ಇದನ್ನು ನೋಡಿ. ಹಿಂದೆ ಕುಳಿತವರಿಗೆ ಕಾಣಲಿಕ್ಕಿಲ್ಲ, ಆಮೇಲೆ ಹತ್ತಿರ ಬಂದು ನೋಡಬಹುದು. ತರಬೇತಿಗೆಂದು ಇಟ್ಟುಕೊಂಡಿರುವ ಮಾದರಿ ಇದು. ಕೂದಲಿನಷ್ಟು ತೆಳುವಾದ ತಂತಿಗಳಲ್ಲಿ ಹೆಣೆದ ಎರಡು ಬಿಲ್ಲೆ, ನಡುವೆ ಗಿಡ್ಡ ಸೊಂಟ. ಕೋಟಿಗೆ ಹಾಕುವ ದೊಡ್ಡ ಗುಂಡಿ ಎರಡನ್ನು ಬೆನ್ನಿಗೆ ಬೆನ್ನು ಹಚ್ಚಿದ ಹಾಗೆ. ಇದನ್ನು ಈ ಕೊಳವೆಯೊಳಗೆ ಎಳೆದರೆ, ಇಗೋ, ಉದ್ದನೆಯ ದಾರದಂತಾಗಿ ಒಳಗೆ ಹೋಯಿತು. ಈ ತುದಿಯಿಂದ ತಳ್ಳಿದರೆ ಒಂದು ಬಿಲ್ಲೆ ಅರಳಿತು. ಇನ್ನೂ ತಳ್ಳಿದರೆ ಇನ್ನೊಂದು ಬಿಲ್ಲೆ. ಮೊದಲಿನ ಆಕಾರವೇ ಬಂತು. ಹೃದಯದ ಗೋಡೆಯಲ್ಲಿ ರಂಧ್ರವಿದ್ದರೆ ಒಂದು ಬಿಲ್ಲೆ ಗೋಡೆಯ ಆ ಕಡೆ, ಇನ್ನೊಂದು ಈ ಕಡೆ, ಸೊಂಟ ರಂಧ್ರದೊಳಗೆ. ಆಸ್ಪತ್ರೆಗಳಲ್ಲಿ ಕೆಲವರು ಇದನ್ನು ‘ಬಟನ್’ ಅನ್ನುತ್ತಾರೆ, ಕೆಲವರು ‘ಛತ್ರಿ’ ಅನ್ನುತ್ತಾರೆ, ಡಾಕ್ಟರು ‘ಡಿವೈಸ್’ ಅನ್ನುತ್ತಾರೆ.

ಇದರ ಬಗ್ಗೆ ಇಲ್ಲಿ ಯಾಕೆ ಮಾತಾಡಬೇಕು ಅನ್ನುವುದಕ್ಕೆ ಒಂದು ಕಾರಣವಿದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಹೇಳುವುದಿಲ್ಲ, ಅವಳ ಕಡೆಯವರು ಈ ಸಭೆಯಲ್ಲೇ ಇರಬಹುದು. ಲೆಕ್ಕದಲ್ಲಿ ನಮಗೆಲ್ಲ ಮುಂದೆ. ಆಟದ ಪೀರಿಯಡ್‌ನಲ್ಲಿ ಮಾತ್ರ ಹೊಂಗೆ ಮರದ ಕೆಳಗೆ ಕುಳಿತುಬಿಡುತ್ತಿದ್ದಳು. ಸೋಮಾರಿ ಅಂತ ನಾವು ಆಡಿಕೊಳ್ಳುತ್ತಿದ್ದೆವು. ಎಂಟನೆಯ ತರಗತಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ತಪಾಸಣೆಗೆ ಬಂದರು. ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಕೊನೆಗೆ ಒಂದು ಚೀಟಿ ಬರೆದರು: ‘ಎದೆಯಲ್ಲಿ ಸದ್ದು ಇದೆ, ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ.’ ಆಗ ಕ್ಲಾಸ್ ಲೀಡರ್ ನಾನು. ಎಲ್ಲರ ಚೀಟಿಗಳನ್ನೂ ಹಂಚಿದವನು ನಾನೇ. ಅವಳು ಅದನ್ನು ಮಡಿಸಿ ಜಾಮಿಟ್ರಿ ಬಾಕ್ಸ್‌ನಲ್ಲಿ ಇಟ್ಟುಕೊಂಡಳು. ಮನೆಯಲ್ಲಿ ತೋರಿಸಿದಳಂತೆ. ‘ಹೆಣ್ಣು ಹುಡುಗಿ, ಹೃದಯದ ಕಾಯಿಲೆ ಅಂತ ಊರಿಗೆಲ್ಲ ಗೊತ್ತಾದರೆ ನಾಳೆ ಯಾರು ಬರುತ್ತಾರೆ’ ಎಂದು ಮಾತು ಅಲ್ಲಿಗೇ ನಿಂತಿತು. ಎರಡು ವರ್ಷದ ಮೇಲೆ ಮತ್ತೆ ತಪಾಸಣೆಯಾಯಿತು. ಈ ಸಲ ಬಂದ ಬೇರೆ ಡಾಕ್ಟರಿಗೆ ಸದ್ದೇ ಕೇಳಿಸಲಿಲ್ಲ. ವಾಸಿಯಾಗಿದೆ ಅಂತ ಮನೆಯವರಿಗೆ ಸಮಾಧಾನವಾಯಿತು. ನನಗೂ ಆಗಿತ್ತು. ಆ ಸದ್ದು ಯಾಕೆ ನಿಂತಿತು ಅನ್ನುವುದು ನನಗೆ ಗೊತ್ತಾದದ್ದು ಹನ್ನೊಂದು ವರ್ಷದ ಮೇಲೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ರಂಧ್ರದ ವಿಷಯ.

ಮಕ್ಕಳೇ, ನಿಮ್ಮ ವಿಜ್ಞಾನದ ಪುಸ್ತಕದಲ್ಲಿರುವ ಹೃದಯದ ಚಿತ್ರ ನೆನಪು ಮಾಡಿಕೊಳ್ಳಿ. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಬಲಭಾಗ ಕೆಟ್ಟ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಎಡಭಾಗ ಶುದ್ಧವಾಗಿ ಬಂದ ರಕ್ತವನ್ನು ಮಹಾಪಧಮನಿಯ ಮೂಲಕ ಮೈಗೆಲ್ಲ ಕಳಿಸುತ್ತದೆ. ನಡುವೆ ಗೋಡೆ. ಆದರೆ ತಾಯಿಯ ಹೊಟ್ಟೆಯಲ್ಲಿರುವಾಗ ಈ ಗೋಡೆಯಲ್ಲಿ ದಾರಿ ಇರಲೇಬೇಕು. ಯಾಕೆಂದರೆ ಅಲ್ಲಿ ಮಗು ಉಸಿರಾಡುವುದಿಲ್ಲ. ಪ್ರಾಣವಾಯು ಬರುವುದು ಹೊಕ್ಕುಳಬಳ್ಳಿಯಿಂದ. ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹೋಗಿ ಪ್ರಯೋಜನವಿಲ್ಲ. ಹಾಗಾಗಿ ಪ್ರಕೃತಿಯೇ ಎರಡು ಅಡ್ಡದಾರಿ ಇಟ್ಟಿದೆ. ಒಂದು, ಮೇಲಿನ ಎರಡು ಕೋಣೆಗಳ ನಡುವೆ ಬಾಗಿಲಿನಂಥ ಕಿಂಡಿ. ಇನ್ನೊಂದು, ಶ್ವಾಸಕೋಶಕ್ಕೆ ಹೋಗುವ ಅಪಧಮನಿಗೂ ಮಹಾಪಧಮನಿಗೂ ನಡುವೆ ಒಂದು ಸಣ್ಣ ನಾಳ. ಮಗು ಹುಟ್ಟಿ ಮೊದಲ ಸಲ ಅತ್ತ ಕೂಡಲೇ ಶ್ವಾಸಕೋಶ ಅರಳುತ್ತದೆ, ಈ ದಾರಿಗಳ ಕೆಲಸ ಮುಗಿಯುತ್ತದೆ. ನಾಳ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಬಿಗಿದುಕೊಂಡು, ಕೆಲವು ವಾರಗಳಲ್ಲಿ ಬತ್ತಿ ಬರಿಯ ನಾರಾಗುತ್ತದೆ. ಕಿಂಡಿಯ ಬಾಗಿಲು ಒತ್ತಿ ಮುಚ್ಚಿಕೊಳ್ಳುತ್ತದೆ. ಆದರೂ ನಾಲ್ಕು ಜನರಲ್ಲಿ ಸುಮಾರು ಒಬ್ಬರಿಗೆ ಆ ಬಾಗಿಲು ಪೂರ್ತಿ ಅಂಟಿರುವುದಿಲ್ಲ. ಈ ಸಭೆಯಲ್ಲಿ 400 ಜನ ಇದ್ದರೆ ನೂರು ಜನರಿಗೆ ಹಾಗಿರಬಹುದು. ಗಾಬರಿ ಬೇಡ, ಅವರಲ್ಲಿ ಬಹುತೇಕರಿಗೆ ಜೀವನಪೂರ್ತಿ ಅದರಿಂದ ಏನೂ ಆಗುವುದಿಲ್ಲ.

ತೊಂದರೆ ಇರುವುದು ಬೇರೆ ರಂಧ್ರಗಳಲ್ಲಿ. ಮೇಲಿನ ಕೋಣೆಗಳ ಗೋಡೆಯೇ ಪೂರ್ತಿ ಬೆಳೆಯದೆ ಉಳಿದರೆ ಎ.ಎಸ್.ಡಿ. ಕೆಳಗಿನ ಕೋಣೆಗಳ ಗೋಡೆಯಲ್ಲಿ ತೂತು ಉಳಿದರೆ ವಿ.ಎಸ್.ಡಿ. ಮುಚ್ಚಬೇಕಿದ್ದ ನಾಳ ಮುಚ್ಚದೇ ಹೋದರೆ ಪಿ.ಡಿ.ಎ. ಕೊನೆಯದು ನಿಜವಾಗಿ ಹೃದಯದ ಪಕ್ಕದಲ್ಲಿರುವ ನಾಳ. ಆದರೂ ಜನ ಮೂರಕ್ಕೂ ‘ಹಾರ್ಟಲ್ಲಿ ಹೋಲ್’ ಅನ್ನುತ್ತಾರೆ. ಸಾವಿರ ಮಕ್ಕಳು ಹುಟ್ಟಿದರೆ ಎಂಟು ಒಂಬತ್ತು ಮಕ್ಕಳಿಗೆ ಹೃದಯದಲ್ಲಿ ಹುಟ್ಟಿನಿಂದಲೇ ಏನಾದರೊಂದು ದೋಷ ಇರುತ್ತದೆ. ಅದರಲ್ಲಿ ಈ ಮೂರೂ ಸಾಮಾನ್ಯ.

ಗದ್ದೆ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹೃದಯದ ಎಡಭಾಗ ಮೇಲಿನ ಗದ್ದೆ, ಬಲಭಾಗ ಕೆಳಗಿನ ಗದ್ದೆ. ನಡುವಿನ ಬದು ಒಡೆದರೆ ಮೇಲಿನ ನೀರು ಕೆಳಕ್ಕೆ ನುಗ್ಗುತ್ತದೆ. ಹಾಗೆಯೇ ಎಡಗಡೆಯ ರಕ್ತ ಬಲಗಡೆಗೆ ಹರಿದು, ಈಗಾಗಲೇ ಶ್ವಾಸಕೋಶಕ್ಕೆ ಹೋಗಿ ಬಂದ ರಕ್ತವೇ ಮತ್ತೆ ಅಲ್ಲಿಗೆ ಹೋಗುತ್ತದೆ. ಹೃದಯಕ್ಕೆ ಇಮ್ಮಡಿ ದುಡಿತ, ಶ್ವಾಸಕೋಶಕ್ಕೆ ಪ್ರವಾಹ. ನೀರು ಇಕ್ಕಟ್ಟಾದ ಕಡೆ ನುಗ್ಗುವಾಗ ಸದ್ದು ಮಾಡುತ್ತದಲ್ಲ, ಡಾಕ್ಟರು ಸ್ಟೆತಾಸ್ಕೋಪಿನಲ್ಲಿ ಕೇಳುವ ಸದ್ದು ಅದೇ.

ರಂಧ್ರ ಚಿಕ್ಕದಿದ್ದರೆ ಎಷ್ಟೋ ಸಲ ತಾನಾಗಿಯೇ ಮುಚ್ಚುತ್ತದೆ, ಇಲ್ಲವೇ ಇದ್ದೂ ತೊಂದರೆ ಕೊಡುವುದಿಲ್ಲ. ದೊಡ್ಡದಿದ್ದರೆ ಸುಮ್ಮನಿರುವ ಹಾಗಿಲ್ಲ. ವರ್ಷಗಟ್ಟಲೆ ಪ್ರವಾಹ ತಡೆದ ಶ್ವಾಸಕೋಶದ ರಕ್ತನಾಳಗಳು ದಪ್ಪಗಾಗಿ, ಗಡುಸಾಗಿ, ಒಳಗಿನ ದಾರಿ ಕಿರಿದಾಗುತ್ತದೆ. ಅಲ್ಲಿನ ಒತ್ತಡ ಏರುತ್ತ ಏರುತ್ತ ಮೈಯ ಒತ್ತಡಕ್ಕೆ ಸಮನಾಗುತ್ತದೆ. ಎರಡು ಗದ್ದೆಯ ನೀರೂ ಒಂದೇ ಮಟ್ಟಕ್ಕೆ ಬಂದರೆ ಹರಿವು ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ಇನ್ನೂ ಏರಿದರೆ ಕೆಟ್ಟ ರಕ್ತವೇ ತಿರುಗಿ ಮೈಗೆ ಹರಿಯುತ್ತದೆ. ಉಗುರು, ತುಟಿ ನೀಲಿಯಾಗುತ್ತವೆ. ಆಸ್ಟ್ರಿಯಾದ ವೈದ್ಯ ವಿಕ್ಟರ್ ಐಸೆನ್‌ಮೆಂಗರ್ 1897ರಲ್ಲಿ ಇಂಥ ಒಬ್ಬ ರೋಗಿಯನ್ನು ಕುರಿತು ಬರೆದರು. ಈ ಸ್ಥಿತಿಗೆ ಅವರದೇ ಹೆಸರು ಉಳಿದಿದೆ. ಇಲ್ಲಿಗೆ ಬಂದ ಮೇಲೆ ರಂಧ್ರ ಮುಚ್ಚಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು. ತುಂಬಿದ ಕೆರೆಯ ಕೋಡಿ ಮುಚ್ಚಿದರೆ ಏರಿ ಒಡೆಯುತ್ತದಲ್ಲ, ಹಾಗೆ. ಅಂದರೆ ಸದ್ದು ನಿಲ್ಲುವುದಕ್ಕೆ ಎರಡು ಕಾರಣ ಇರಬಹುದು: ರಂಧ್ರ ಮುಚ್ಚಿರಬಹುದು, ಅಥವಾ ಮುಚ್ಚುವ ಕಾಲ ಮೀರುತ್ತಿರಬಹುದು. ಯಾವುದು ಎಂದು ಹೇಳುವುದು ಎಕೋ ಪರೀಕ್ಷೆ.

ಈ ರಂಧ್ರಗಳನ್ನು ಮುಚ್ಚಲು ಮನುಷ್ಯ ಪಟ್ಟ ಪಾಡು ಸಣ್ಣದಲ್ಲ. ಅಮೆರಿಕದ ಬೋಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ ಎಂಬ 33 ವರ್ಷದ ಶಸ್ತ್ರವೈದ್ಯ 1938ರ ಆಗಸ್ಟ್ 26ರಂದು ಏಳು ವರ್ಷದ ಒಬ್ಬ ಹುಡುಗಿಯ ಎದೆ ತೆರೆದು, ಮುಚ್ಚದೆ ಉಳಿದಿದ್ದ ನಾಳವನ್ನು ದಾರದಿಂದ ಕಟ್ಟಿದರು. ಅವರ ಮೇಲಧಿಕಾರಿ ರಜೆಯಲ್ಲಿದ್ದ ಸಮಯ ನೋಡಿ ಮಾಡಿದ ಕೆಲಸ ಅದು. ಹುಡುಗಿ ಬದುಕಿ ಬಾಳಿದಳು. ಆದರೆ ನಾಳ ಹೊರಗಡೆ ಇತ್ತು, ಕಟ್ಟಬಹುದಿತ್ತು. ಹೃದಯದ ಒಳಗಿನ ರಂಧ್ರ ಹೊಲಿಯಬೇಕಾದರೆ ಹೃದಯವನ್ನೇ ತೆರೆಯಬೇಕು, ರಕ್ತ ನಿಲ್ಲಿಸಬೇಕು. 1952ರ ಸೆಪ್ಟೆಂಬರ್ 2ರಂದು ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಜಾನ್ ಲೂಯಿಸ್ ಐದು ವರ್ಷದ ಹುಡುಗಿಯ ಮೈಯನ್ನು ತಣ್ಣಗೆ ಮಾಡಿ, ಸುಮಾರು ಐದೂವರೆ ನಿಮಿಷದೊಳಗೆ ರಂಧ್ರ ಹೊಲಿದರು. ಮರುವರ್ಷ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ತಾನೇ ಮಾಡುವ ಯಂತ್ರ ಕಟ್ಟಿ, 18 ವರ್ಷದ ಯುವತಿಯ ರಂಧ್ರ ಮುಚ್ಚಿದರು. 1954ರ ಮಾರ್ಚ್ 26ರಂದು ವಾಲ್ಟನ್ ಲಿಲಿಹೈ ಯಂತ್ರವೂ ಇಲ್ಲದೆ, ಒಂದು ವರ್ಷದ ಮಗುವಿನ ರಕ್ತನಾಳವನ್ನು ಅದರ ತಂದೆಯ ರಕ್ತನಾಳಕ್ಕೆ ಜೋಡಿಸಿದರು. ತಂದೆಯ ಹೃದಯವೇ ಮಗುವಿನ ಪಾಲಿಗೂ ದುಡಿಯುತ್ತಿರುವಾಗ ರಂಧ್ರ ಹೊಲಿದರು. ಆಪರೇಷನ್ ಯಶಸ್ವಿಯಾಯಿತು, ಮಗು ಹನ್ನೊಂದು ದಿನದ ಮೇಲೆ ನ್ಯುಮೋನಿಯಾದಿಂದ ತೀರಿಕೊಂಡಿತು. ಅದೇ ದಾರಿಯಲ್ಲಿ ಮುಂದೆ ಎಷ್ಟೋ ಮಕ್ಕಳು ಉಳಿದರು. ಮೇಜಿನ ಮೇಲೆ ಮಗುವಿನ ಪಕ್ಕ ಮಲಗಿದ ಆ ತಂದೆಯನ್ನು ನಾನು ಎಷ್ಟೋ ಸಲ ನೆನೆಸಿಕೊಳ್ಳುತ್ತೇನೆ.

ಎದೆ ತೆರೆಯದೆ ಹೃದಯ ಮುಟ್ಟಬಹುದು ಎಂದು ತೋರಿಸಿದ್ದು ಇವರಿಗಿಂತ ಮೊದಲೇ, 1929ರಲ್ಲಿ. ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನ ತೋಳಿನ ರಕ್ತನಾಳದಲ್ಲಿ ತಾನೇ ಕೊಳವೆ ತೂರಿಸಿಕೊಂಡು, ಎಕ್ಸ್-ರೇ ಕೋಣೆಗೆ ನಡೆದುಹೋಗಿ, ಅದು ಹೃದಯ ತಲುಪಿದ್ದನ್ನು ಚಿತ್ರ ತೆಗೆಸಿದ. ಆಗ ಬೈಸಿಕೊಂಡವನಿಗೆ 1956ರಲ್ಲಿ ನೊಬೆಲ್ ಪಾಲು ಬಂತು. ನಮ್ಮ ಕ್ಯಾಥ್‌ಲ್ಯಾಬುಗಳೆಲ್ಲ ಅವನ ಆ ಸಾಹಸದ ಮಕ್ಕಳು. ಕೊಳವೆಯಿಂದಲೇ ನಾಳಕ್ಕೆ ಬಿರಡೆ ಹಾಕಿದ್ದನ್ನು ಬರ್ಲಿನ್ನಿನ ಪೋರ್ಸ್ಟ್‌ಮನ್ 1967ರಲ್ಲಿ ವರದಿ ಮಾಡಿದರು. ನ್ಯೂ ಆರ್ಲಿಯನ್ಸ್‌ನ ಕಿಂಗ್ ಮತ್ತು ಮಿಲ್ಸ್ 1975ರಲ್ಲಿ 17 ವರ್ಷದ ಹುಡುಗಿಯ ಎ.ಎಸ್.ಡಿ.ಯನ್ನು ಎರಡು ಛತ್ರಿಗಳ ಸಾಧನದಿಂದ ಮುಚ್ಚಿದರು. ಅದಕ್ಕೆ ಬೇಕಾದ ಕೊಳವೆ ಏಳು ಮಿಲಿಮೀಟರಿಗಿಂತ ದಪ್ಪ. ಚಿಕ್ಕ ಮಕ್ಕಳಿಗೆ ಆಗುವಂಥದ್ದಲ್ಲ. ಮುಂದೆ ಬಂದ ಕೆಲವು ಛತ್ರಿಗಳ ಕಡ್ಡಿಗಳು ಹೃದಯದೊಳಗೇ ಮುರಿದವು, ಅವನ್ನು ಕೈಬಿಡಬೇಕಾಯಿತು.

ತೊಡಕು ಬಿಡಿಸಿದ್ದು ಒಂದು ಲೋಹ. ಅಮೆರಿಕದ ನೌಕಾಪಡೆಯ ಪ್ರಯೋಗಶಾಲೆಯಲ್ಲಿ ವಿಲಿಯಂ ಬ್ಯೂಲರ್ ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿ ಮಾಡಿದ ಮಿಶ್ರಲೋಹ. ಎರಡೂ ಲೋಹಗಳ ಮೊದಲಕ್ಷರ, ಪ್ರಯೋಗಶಾಲೆಯ ಮೊದಲಕ್ಷರ ಸೇರಿಸಿ ಅದಕ್ಕೆ ‘ನಿಟಿನಾಲ್’ ಎಂದು ಹೆಸರಿಟ್ಟರು. ಬಿಸಿಯಲ್ಲಿ ಒಂದು ಆಕಾರ ಕೊಟ್ಟರೆ ಅದನ್ನು ಮರೆಯದ ಲೋಹ ಇದು. ಎಳೆದು ದಾರ ಮಾಡಿದರೂ ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ಆಸ್ಟ್ರಿಯಾದಲ್ಲಿ ಹುಟ್ಟಿ ಮಿನೆಸೋಟಾದಲ್ಲಿ ನೆಲೆಸಿದ್ದ ಕುರ್ಟ್ ಆಂಪ್ಲಾಟ್ಜ್ ಎಂಬ ಎಕ್ಸ್-ರೇ ತಜ್ಞರು ನಿಟಿನಾಲ್ ತಂತಿಗಳನ್ನು ಜಾಲರಿಯಾಗಿ ಹೆಣೆದು, ನಾನು ಈಗ ತೋರಿಸಿದಂಥ ಜೋಡಿ ಬಿಲ್ಲೆ ಮಾಡಿದರು. ಒಳಗೆ ಪಾಲಿಯೆಸ್ಟರ್ ಬಟ್ಟೆಯ ತುಂಡು ಹೊಲಿದರು, ರಕ್ತ ತೂರದ ಹಾಗೆ. 1995ರಲ್ಲಿ ಅದನ್ನು ಮನುಷ್ಯರಲ್ಲಿ ಬಳಸಿದರು. 2001ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿತು. ಈಗ ಬೇರೆ ಬೇರೆ ಕಂಪನಿಗಳು ಇಂಥವನ್ನು ಮಾಡುತ್ತವೆ. ಅವಧಿಗೆ ಮುನ್ನ ಹುಟ್ಟಿದ, ಕೇವಲ 700 ಗ್ರಾಂ ತೂಕದ ಶಿಶುವಿನ ನಾಳ ಮುಚ್ಚುವ ಪುಟ್ಟ ಸಾಧನಕ್ಕೂ 2019ರಲ್ಲಿ ಅಲ್ಲಿ ಒಪ್ಪಿಗೆಯಾಗಿದೆ. ಏಳು ನೂರು ಗ್ರಾಂ ಅಂದರೆ ಒಂದು ಸೇರು ರಾಗಿಯಷ್ಟೂ ಇಲ್ಲ.

ಇನ್ನೊಂದು ಸಂಗತಿ ತಾಯಂದಿರಿಗೆ ಇಷ್ಟವಾಗಬಹುದು. ದಕ್ಷಿಣ ಅಮೆರಿಕದ ಬೊಲಿವಿಯಾದ ಲಾ ಪಾಜ್ ನಗರ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯಲ್ಲಿ ಪ್ರಾಣವಾಯು ಕಡಿಮೆ; ಹುಟ್ಟಿದ ಮಕ್ಕಳ ನಾಳ ಮುಚ್ಚದೆ ಉಳಿಯುವುದು ಹೆಚ್ಚು. ಅಲ್ಲಿನ ಮಕ್ಕಳ ಹೃದ್ರೋಗ ತಜ್ಞ ಫ್ರಾಂಜ್ ಫ್ರೂಡೆಂತಾಲ್ ಒಂದೇ ಉದ್ದನೆಯ ನಿಟಿನಾಲ್ ತಂತಿಯಿಂದ ಹೆಣೆಯುವ ಸಾಧನ ರೂಪಿಸಿದರು. ಹೆಣೆಯುವವರು ಅಯ್ಮಾರಾ ಬುಡಕಟ್ಟಿನ ಹೆಣ್ಣುಮಕ್ಕಳು. ತಲೆತಲಾಂತರದಿಂದ ಉಣ್ಣೆ ನೇಯ್ದು, ಟೋಪಿ ಹೆಣೆದು ಪಳಗಿದ ಬೆರಳುಗಳು ಈಗ ಶುಭ್ರ ಕೋಣೆಯಲ್ಲಿ ಕುಳಿತು ಮಕ್ಕಳ ಹೃದಯಕ್ಕೆ ಹೆಣೆಯುತ್ತವೆ. ಕಂಬಳಿ ನೇಯುವುದನ್ನು ಕಂಡ ನಮ್ಮಂಥ ಊರಿನವರಿಗೆ ಆ ಬೆರಳುಗಳ ಬೆಲೆ ಗೊತ್ತು.

ಈಗ ನಮ್ಮ ಕೋಣೆಯಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಎ.ಎಸ್.ಡಿ. ಇರುವ ಮಗು ಎಂದುಕೊಳ್ಳಿ. ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ. ತೊಡೆಸಂದಿಯಲ್ಲಿ ಸೂಜಿ ಚುಚ್ಚಿ, ಅಲ್ಲಿಂದ ಕೊಳವೆ ಮೇಲಕ್ಕೆ. ಮೊದಲ ಕೆಲಸ ನನ್ನದು: ಪ್ರತಿ ಕೋಣೆಯ ಒತ್ತಡ, ಪ್ರತಿ ಕೋಣೆಯ ರಕ್ತದಲ್ಲಿ ಪ್ರಾಣವಾಯು ಎಷ್ಟು ಎಂದು ಓದಿ ಹೇಳುವುದು. ಅಂಕಿ ಸರಿಯಿದ್ದರೆ ಮುಂದಿನ ಹೆಜ್ಜೆ. ಎಕೋದಲ್ಲಿ ರಂಧ್ರದ ಅಗಲ ಅಳೆದು, ಅದಕ್ಕೆ ಹೊಂದುವ ಡಿವೈಸ್ ಆರಿಸುತ್ತಾರೆ. ಅದನ್ನು ಉಪ್ಪುನೀರಿನಲ್ಲಿ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತೊಳೆದು, ಕೊಳವೆಗೆ ಸೇರಿಸುತ್ತೇವೆ. ಒಂದು ಗಾಳಿಗುಳ್ಳೆ ಮಿದುಳಿಗೆ ಹೋದರೂ ಅಪಾಯ. ಎಡಗೋಣೆಯಲ್ಲಿ ಒಂದು ಬಿಲ್ಲೆ ಅರಳುತ್ತದೆ, ಹಿಂದಕ್ಕೆಳೆದು ಗೋಡೆಗೆ ಒರಗಿಸುತ್ತಾರೆ, ಬಲಗೋಣೆಯಲ್ಲಿ ಇನ್ನೊಂದು ಅರಳುತ್ತದೆ. ಆಗಲೂ ಅದು ಉದ್ದನೆಯ ತಂತಿಯ ತುದಿಗೆ ತಿರುಪಿನಿಂದ ಅಂಟಿಕೊಂಡೇ ಇರುತ್ತದೆ. ಡಾಕ್ಟರು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ ನೋಡುತ್ತಾರೆ. ಸರಿಹೋಗದಿದ್ದರೆ ವಾಪಸು ಕೊಳವೆಗೆ ಎಳೆದುಕೊಳ್ಳಬಹುದು. ಸರಿಯಿದ್ದರೆ ತಂತಿಯನ್ನು ಎಡಕ್ಕೆ ತಿರುಗಿಸುತ್ತಾರೆ, ತಿರುಪು ಬಿಚ್ಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಎಲ್ಲ ಸೇರಿ ಒಂದೆರಡು ಗಂಟೆಯ ಕೆಲಸ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ. ಎದೆಯ ಮೇಲೆ ಗಾಯದ ಗುರುತಿಲ್ಲ.

ಜನ ನನ್ನನ್ನು ಕೇಳುವ ಪ್ರಶ್ನೆಗಳಿವೆ. ‘ಮಗು ಬೆಳೆದ ಮೇಲೆ ಬದಲಾಯಿಸಬೇಕಾ?’ ಬೇಕಿಲ್ಲ. ಮೂರರಿಂದ ಆರು ತಿಂಗಳಲ್ಲಿ ಹೃದಯದ ಒಳಪೊರೆಯೇ ಅದರ ಮೇಲೆ ಹಬ್ಬಿಕೊಂಡು, ಅದು ಗೋಡೆಯ ಭಾಗವಾಗುತ್ತದೆ. ‘ಬ್ಯಾಟರಿ ಹಾಕಬೇಕಾ?’ ಇಲ್ಲ, ಅದಕ್ಕೆ ಬ್ಯಾಟರಿಯೇ ಇಲ್ಲ. ಆದರೆ ಸುಮಾರು ಆರು ತಿಂಗಳು ಡಾಕ್ಟರು ಹೇಳಿದ ಮಾತ್ರೆ ತಪ್ಪಿಸಬಾರದು. ಆ ಅವಧಿಯಲ್ಲಿ ಹಲ್ಲು ಕೀಳಿಸುವುದಿದ್ದರೆ ಮೊದಲೇ ಹೇಳಬೇಕು. ಎಂ.ಆರ್.ಐ. ಮಾಡಿಸುವಾಗ ಡಿವೈಸಿನ ಕಾರ್ಡ್ ತೋರಿಸಬೇಕು. ಕರೆದ ದಿನ ಎಕೋಗೆ ಹೋಗಬೇಕು. ನಿಕ್ಕಲ್ ಒಡವೆ ಹಾಕಿದರೆ ಮೈ ಕೆರೆತ ಬರುವವರು ಅದನ್ನೂ ಮುಂಚೆ ಹೇಳಬೇಕು.

ಎಲ್ಲ ರಂಧ್ರಕ್ಕೂ ಇದು ಆಗುತ್ತದೆ ಅಂತಲ್ಲ. ಬಿಲ್ಲೆ ಹಿಡಿದು ನಿಲ್ಲಲು ಸುತ್ತ ಅಂಚು ಬೇಕು. ಗೋಡೆಯ ನಡುಭಾಗದ ಎ.ಎಸ್.ಡಿ. ಆದರೆ ಸರಿ, ತೀರಾ ಮೇಲೆ ಅಥವಾ ಕೆಳ ಅಂಚಿನಲ್ಲಿದ್ದರೆ ಆಪರೇಷನ್ನೇ ಬೇಕು. ಕೆಲವು ವಿ.ಎಸ್.ಡಿ.ಗಳ ಅಂಚಿನಲ್ಲೇ ಹೃದಯದ ಬಡಿತ ನಡೆಸುವ ತಂತು ಹಾದುಹೋಗುತ್ತದೆ, ಅದು ನಲುಗಿದರೆ ಬಡಿತವೇ ಕೆಡುತ್ತದೆ. ಡಿವೈಸ್ ಜಾರಿಹೋಗಿ ಆಪರೇಷನ್ ಮಾಡಿ ತೆಗೆದದ್ದನ್ನೂ ನಾನು ನೋಡಿದ್ದೇನೆ. ಎ.ಎಸ್.ಡಿ. ಡಿವೈಸ್ ಹಾಕಿಸಿಕೊಂಡ ಸಾವಿರದಲ್ಲಿ ಒಬ್ಬರಿಂದ ಮೂವರಿಗೆ ಅದು ಹೃದಯದ ಗೋಡೆಯನ್ನು ಸವೆಸಬಹುದು ಎಂದು ಅಮೆರಿಕದ ಔಷಧ ಇಲಾಖೆ 2013ರಲ್ಲಿ ಎಚ್ಚರಿಸಿದೆ. ಅದಕ್ಕೇ ಆಮೇಲೆ ಎದೆನೋವು, ತಲೆಸುತ್ತು, ಉಸಿರುಕಟ್ಟು ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಡಾಕ್ಟರು ‘ಆಪರೇಷನ್ನೇ ಒಳ್ಳೆಯದು’ ಅಂದರೆ ಡಿವೈಸೇ ಹಾಕಿ ಅಂತ ಹಟ ಮಾಡಬೇಡಿ. ಹೊಲಿದು ಮುಚ್ಚಿದ ರಂಧ್ರವೂ ಚೆನ್ನಾಗಿ ಮುಚ್ಚಿದ ರಂಧ್ರವೇ.

ಈಗ ನನ್ನ ಸಹಪಾಠಿಯ ಮಾತಿಗೆ ಬರುತ್ತೇನೆ. 2004ರಲ್ಲಿ ಒಂದು ಬೆಳಗ್ಗೆ ನಮ್ಮ ಕ್ಯಾಥ್‌ಲ್ಯಾಬಿನ ಪಟ್ಟಿಯಲ್ಲಿ ಒಂದು ಹೆಸರು, ನಮ್ಮ ಊರು. ಸ್ಟ್ರೆಚರ್ ಮೇಲೆ ಬಂದವಳು ನನ್ನನ್ನೇ ನೋಡಿ, “ನೀವು ನಮ್ಮ ಕ್ಲಾಸ್ ಲೀಡರ್ ಅಲ್ವಾ?” ಅಂದಳು. ಮದುವೆಯಾಗಿತ್ತು. ಬಸುರಿಯಾದಾಗ ಉಸಿರು ಕಟ್ಟಿ, ಮಗು ಉಳಿದಿರಲಿಲ್ಲ. ಬೆರಳಿಗೆ ಕ್ಲಿಪ್ ಹಾಕಿದೆ, ಪ್ರಾಣವಾಯು 94. ಡಾಕ್ಟರು ಕಾಲ್ಬೆರಳಿಗೂ ಹಾಕಲು ಹೇಳಿದರು. 80. ಮುಚ್ಚದ ನಾಳದಿಂದ ಕೆಟ್ಟ ರಕ್ತ ಮಹಾಪಧಮನಿಗೆ ಸೇರುವುದು ಕೈಗೆ ಹೋಗುವ ಕವಲುಗಳನ್ನು ದಾಟಿದ ಮೇಲೆ. ಹಾಗಾಗಿ ಕೈಬೆರಳು ಕೆಂಪಗೇ ಇರುತ್ತದೆ, ಕಾಲ್ಬೆರಳು ನೀಲಿ. ನಾವೆಲ್ಲ ಬರಿಗಾಲಲ್ಲಿ ಶಾಲೆಗೆ ಬರುತ್ತಿದ್ದವರು. ಕೆಸರು, ಚಳಿ, ಮಾಸಿದ ಕಾಲು. ಅವಳ ಕಾಲ್ಬೆರಳನ್ನು ಯಾರು ನೋಡುತ್ತಾರೆ?

ಕೊಳವೆ ಒಳಗೆ ಹೋಯಿತು. ನಾನು ಅಂಕಿ ಓದಿದೆ. ಮಹಾಪಧಮನಿ 112. ಶ್ವಾಸಕೋಶದ ಅಪಧಮನಿ 110. ಅದು 25ರ ಆಸುಪಾಸಿನಲ್ಲಿ ಇರಬೇಕಾದದ್ದು. ಪ್ರಾಣವಾಯು ಕೊಟ್ಟು ಒತ್ತಡ ಇಳಿಯುತ್ತದೆಯೇ ಎಂದು ಕಾದೆವು. ಮತ್ತೆ ಓದಿದೆ. ಇಳಿದಿರಲಿಲ್ಲ. ಅವಳ ಅಳತೆಗೆ ಸರಿಯಾಗುವ ಡಿವೈಸ್ ನನ್ನ ಹಿಂದಿನ ಕಪಾಟಿನಲ್ಲೇ ಇತ್ತು, ಕೈಚಾಚಿದರೆ ಸಿಗುವಷ್ಟು ಹತ್ತಿರ. ಡಾಕ್ಟರು ಕೈಗವಸು ಬಿಚ್ಚಿ, ಇನ್ನು ಮುಚ್ಚುವ ಹಾಗಿಲ್ಲ ಅಂದರು. ಎಂಟನೆಯ ತರಗತಿಯಲ್ಲಿ ಕೇಳಿಸಿದ ಸದ್ದು ಹತ್ತನೆಯ ತರಗತಿಗೆ ಯಾಕೆ ನಿಂತಿತ್ತು ಅಂತ ನನಗೆ ಅಂದು ತಿಳಿಯಿತು. ಎಂಟನೆಯ ತರಗತಿಯಲ್ಲಿ ನಮ್ಮ ಕಡೆ ಡಿವೈಸ್ ಇರಲಿಲ್ಲ, ನಿಜ. ಆದರೆ ಗ್ರಾಸ್ 1938ರಲ್ಲೇ ಕಟ್ಟಿದ್ದ ನಾಳ ಅದು. ಆಗ ನಮ್ಮ ರಾಜ್ಯದಲ್ಲೂ ಆ ಆಪರೇಷನ್ ಆಗುತ್ತಿತ್ತು. ಅವಳು ಮಾತ್ರೆಗಳ ಮೇಲೆ ಇನ್ನಷ್ಟು ವರ್ಷ ಇದ್ದು ತೀರಿಕೊಂಡಳು. ಆ ದಿನ ವಾರ್ಡಿಗೆ ಹೋಗುವಾಗ, “ಆ ಚೀಟಿ ಬಹಳ ದಿನ ಬಾಕ್ಸಲ್ಲೇ ಇತ್ತು ಕಣ್ರೀ” ಅಂದಿದ್ದಳು. ಬೇರೇನೂ ಹೇಳಲಿಲ್ಲ.

ಆ ಚೀಟಿ ಹಂಚಿ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಈಗ ನಿಮ್ಮಲ್ಲಿ ಕೆಲವು ಮಾತು ಕೇಳಿಕೊಳ್ಳುತ್ತೇನೆ.

ತಾಯಂದಿರೇ, ಹಾಲು ಕುಡಿಯುವಾಗ ಮಗುವಿನ ಹಣೆ ಬೆವರಿದರೆ, ಕುಡಿಯುತ್ತ ಮಧ್ಯೆ ಬಿಟ್ಟು ಏದುಸಿರು ಬಿಟ್ಟರೆ, ತೂಕ ಏರದಿದ್ದರೆ, ಪದೇ ಪದೇ ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರುತ್ತಿದ್ದರೆ, ದೃಷ್ಟಿ ತೆಗೆದು ಸುಮ್ಮನಿರಬೇಡಿ, ಹೃದಯ ನೋಡಿಸಿ. ನಾಲಿಗೆ, ತುಟಿ ನೀಲಿಯಾದರೆ ಒಂದು ದಿನವೂ ಕಾಯಬೇಡಿ. ದೊಡ್ಡ ವಿ.ಎಸ್.ಡಿ., ದೊಡ್ಡ ನಾಳ ಇದ್ದರೆ ಮೊದಲ ಒಂದೆರಡು ವರ್ಷದೊಳಗೇ ಮುಚ್ಚಬೇಕಾಗುತ್ತದೆ. ಎ.ಎಸ್.ಡಿ. ಮಾತ್ರ ಮೋಸಗಾರ. ಮೂವತ್ತು ನಲವತ್ತು ವರ್ಷದವರೆಗೆ ಲಕ್ಷಣವೇ ತೋರಿಸದೆ ಇರಬಲ್ಲದು. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಹಾಗಾಗಿ ತಪಾಸಣೆಯೊಂದೇ ದಾರಿ.

ಹೆಣ್ಣುಮಕ್ಕಳ ತಂದೆತಾಯಿಗಳೇ, ಮದುವೆಗೆ ಅಡ್ಡಿಯಾಗುತ್ತದೆ ಎಂದು ರಂಧ್ರ ಮುಚ್ಚಿಡಬೇಡಿ, ರಂಧ್ರವನ್ನೇ ಮುಚ್ಚಿಸಿ. ಸಕಾಲಕ್ಕೆ ಮುಚ್ಚಿಸಿದ ಎಷ್ಟೋ ಹೆಣ್ಣುಮಕ್ಕಳು ಡಾಕ್ಟರ ಸಲಹೆ ಪಡೆದು ಮದುವೆಯಾಗಿ, ಮಕ್ಕಳನ್ನು ಎತ್ತಿಕೊಂಡು ನಮ್ಮ ಆಸ್ಪತ್ರೆಗೆ ತೋರಿಸಲು ಬರುತ್ತಾರೆ.

ದುಡ್ಡಿನ ಭಯವೂ ಬೇಡ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ ಬರುವ ವ್ಯವಸ್ಥೆ ಇದೆ. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ. ಹುಟ್ಟಿನಿಂದ ಬಂದ ಹೃದಯದ ದೋಷವೂ ಅದರ ಪಟ್ಟಿಯಲ್ಲಿದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ. ಸರ್ಕಾರದ್ದೇ ಆದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಿದೆ, ಮೈಸೂರಿನಲ್ಲಿದೆ, ಕಲಬುರಗಿಯಲ್ಲಿದೆ. ಹೋಗುವಾಗ ರೇಷನ್ ಕಾರ್ಡು, ಆಧಾರ್, ತಪಾಸಣೆಯ ಚೀಟಿ ಮೂರನ್ನೂ ಒಯ್ಯಿರಿ.

ಕೊನೆಯದಾಗಿ, ಗುರುಗಳಲ್ಲಿ ಒಂದು ಪ್ರಾರ್ಥನೆ. ಹಾಜರಿ ಪುಸ್ತಕದ ಜೊತೆ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಯಾವ ಮಗುವಿಗೆ ಚೀಟಿ ಬರೆದರು, ಒಂದು ತಿಂಗಳೊಳಗೆ ಆ ಮಗು ಆಸ್ಪತ್ರೆಗೆ ಹೋಯಿತೇ, ಅಲ್ಲಿ ಏನು ಹೇಳಿದರು. ಮೂರೇ ಕಾಲಂ ಸಾಕು. ಎರಡನೆಯ ಕಾಲಂ ಖಾಲಿ ಇದ್ದರೆ ಮನೆಗೆ ಹೋಗಿ ಕೇಳಿ. ಬೆಂಗಳೂರಿಗೆ ಬರಬೇಕಾದರೆ ಯಾವ ಬಸ್ಸು, ಯಾವ ಕೌಂಟರು, ಯಾರನ್ನು ಕೇಳಬೇಕು ಎಂಬ ಚಿಂತೆ ನಮಗೆ, ಹಳೆಯ ವಿದ್ಯಾರ್ಥಿಗಳಿಗೆ ಬಿಡಿ. ನಮ್ಮ ಬ್ಯಾಚಿನ ಆರು ಜನ ಈಗಾಗಲೇ ಒಪ್ಪಿದ್ದೇವೆ. ನಮ್ಮ ಫೋನ್ ನಂಬರು ಮುಖ್ಯೋಪಾಧ್ಯಾಯರ ಮೇಜಿನ ಮೇಲಿದೆ. ಆ ನೋಟ್‌ಬುಕ್ಕನ್ನು ನಾನೇ ತಂದಿದ್ದೇನೆ. ರಟ್ಟಿಗೆ ಬೈಂಡು ಹಾಕಿಸಿದ್ದೇನೆ, ಗೆರೆ ಎಳೆದಿದ್ದೇನೆ. ಕ್ಲಾಸ್ ಲೀಡರ್ ಆಗಿ ಅಂದು ಮಾಡದೆ ಬಿಟ್ಟ ಕೆಲಸ ಇದು. ದಯವಿಟ್ಟು ಸ್ವೀಕರಿಸಬೇಕು.